ಹಾಕಿದ ರೊಕ್ಕ ಎಷ್ಟು ದಿನಕ್ಕೆ ತಿರುಗಿ ಬರುತ್ತದೆ?

ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಹಳ್ಳಿಗಳಲ್ಲಿ ಸ್ವಂತ ಉದ್ಯೋಗ ಹಿಡಿದು ವರ್ಷ ಎರಡು ವರ್ಷಕ್ಕೆ ಕೈಬಿಟ್ಟ ಹುಡುಗರ ಮನೆಗೆ ಹೋದರೆ, ಪಡಸಾಲೆಯ ಮೂಲೆಯಲ್ಲೋ ದನದ ಕೊಟ್ಟಿಗೆಯ ಪಕ್ಕದಲ್ಲೋ ಒಂದು ಯಂತ್ರ ತಾಡಪತ್ರಿ ಹೊದ್ದುಕೊಂಡು ನಿಂತಿರುತ್ತದೆ. ರೊಟ್ಟಿ ಒತ್ತುವ ಯಂತ್ರ, ಶಾವಿಗೆ ಯಂತ್ರ, ಎಣ್ಣೆ ತೆಗೆಯುವ ಯಂತ್ರ, ಪೇಪರ್ ತಟ್ಟೆಯ ಯಂತ್ರ. ಹೆಚ್ಚಿನವು ಕೆಟ್ಟಿರುವುದಿಲ್ಲ. ಗುಂಡಿ ಒತ್ತಿದರೆ ಈಗಲೂ ತಿರುಗುತ್ತವೆ. ಹುಡುಗ ಮಾತ್ರ ಪುಣೆಯಲ್ಲೋ ಗೋವಾದಲ್ಲೋ ಪಗಾರಕ್ಕೆ ನಿಂತಿದ್ದಾನೆ.

ಮನೆಯ ಹಿರಿಯರು ‘ಹುಡುಗ ಮೈ ಬಗ್ಗಿಸಲಿಲ್ಲ’ ಅನ್ನುತ್ತಾರೆ. ಹುಡುಗ ‘ಬ್ಯಾಂಕಿನವರು ಕೈ ಹಿಡಿಯಲಿಲ್ಲ’ ಅನ್ನುತ್ತಾನೆ. ಲೆಕ್ಕದ ಪುಸ್ತಕ ಇದ್ದರೆ ಬಿಚ್ಚಿ ನೋಡಿ, ಬೇರೆಯೇ ಕಾರಣ ಕಾಣುತ್ತದೆ. ಮಾಲು ಹೋಗಿದೆ, ರೊಕ್ಕ ಬಂದಿಲ್ಲ. ಬರುವಷ್ಟರಲ್ಲಿ ಮುಂದಿನ ಚೀಲ ಜೋಳ ತರಲು ಕೈಯಲ್ಲಿ ಏನೂ ಉಳಿದಿಲ್ಲ. ಎರಡು ದಿನ ಕೆಲಸ ನಿಂತಿತು, ಖಾನಾವಳಿಯವರು ಬೇರೆ ಕಡೆಯಿಂದ ರೊಟ್ಟಿ ತರಿಸಿಕೊಂಡರು, ಆಮೇಲೆ ಇವನ ಕಡೆ ತಿರುಗಿ ನೋಡಲಿಲ್ಲ. ಅದೇ ಹೊತ್ತಿಗೆ ಯಂತ್ರದ ಸಾಲದ ಕಂತೂ ಬಂತು.

ಹಾಗಾಗಿ ಯಾವ ಉದ್ಯೋಗ ಹಿಡಿಯಬೇಕು ಎಂಬ ಪ್ರಶ್ನೆಗೆ ಮೊದಲ ಅಳತೆ ಲಾಭದ ಪ್ರಮಾಣವಲ್ಲ. ಇಂದು ಕೈಬಿಟ್ಟ ರೊಕ್ಕ ತಿರುಗಿ ಕೈಗೆ ಬರಲು ಎಷ್ಟು ದಿನ ಬೇಕು ಎಂಬುದು. ಈ ಭಾಗದಲ್ಲಿ ಹುಡುಗರು ಹೆಚ್ಚಾಗಿ ಯೋಚಿಸುವ ನಾಲ್ಕು ಕಸುಬುಗಳನ್ನು ಈ ಅಳತೆಯಲ್ಲಿ ನೋಡಿದರೆ ಒಂದಕ್ಕೊಂದು ಎಷ್ಟು ದೂರ ಎಂದು ತಿಳಿಯುತ್ತದೆ. ರೊಟ್ಟಿಯ ರೊಕ್ಕ ಒಂದು ದಿನದಿಂದ ಹದಿನೈದು ದಿನದೊಳಗೆ ಬರುತ್ತದೆ. ಕಬ್ಬಿನ ಸಸಿಯದು ಒಂದು ತಿಂಗಳು, ಅದರಲ್ಲಿ ಅರ್ಧ ಮುಂಗಡವಾಗಿಯೇ ಸಿಗಬಹುದು. ಪ್ಯಾಕೆಟ್ ಬೆಲ್ಲದ್ದು ಎರಡು ಮೂರು ತಿಂಗಳು. ಒಣದ್ರಾಕ್ಷಿಯದು ಕೋಲ್ಡ್ ಸ್ಟೋರೇಜ್ ಸೇರಿದರೆ ಅರ್ಧ ವರ್ಷ ದಾಟುತ್ತದೆ.

ರೊಟ್ಟಿ: ಒಂದು ರೂಪಾಯಿಯ ಕಸುಬು

ವಿಜಯಪುರ ಹಿಂಗಾರಿ ಜೋಳದ ಸೀಮೆ. ಮಾಲದಂಡಿ ಎಂದು ಕರೆಯುವ ಎಂ 35-1 ಬಿಳಿಜೋಳವನ್ನು ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಬಿತ್ತಿದರೆ ಫೆಬ್ರುವರಿ–ಮಾರ್ಚಿಗೆ ರಾಶಿ. ಹೀಗಾಗಿ ಕಚ್ಚಾ ಮಾಲು ಊರಲ್ಲೇ ಇದೆ, ಕೈಕಸುಬು ಮನೆಯಲ್ಲೇ ಇದೆ, ರೊಟ್ಟಿ ಬೇಕೆನ್ನುವ ಖಾನಾವಳಿಗಳು ತಾಲೂಕು ಕೇಂದ್ರದಲ್ಲಿವೆ. ಹುಬ್ಬಳ್ಳಿ, ಬೆಂಗಳೂರು, ಪುಣೆಯಲ್ಲಿ ನೆಲೆಸಿದ ನಮ್ಮ ಕಡೆಯವರೂ ಕಟಕ ರೊಟ್ಟಿಗೆ, ಎಂದರೆ ಒಣಗಿಸಿದ ಗರಿಗರಿ ರೊಟ್ಟಿಗೆ ಕಾಯುತ್ತಾರೆ. ಕೈ ಹಾಕಲು ಇದಕ್ಕಿಂತ ಸುಲಭದ ಕಸುಬು ಇನ್ನೊಂದಿಲ್ಲ ಅನಿಸುವುದು ಸಹಜ. ಆದರೆ ಇದು ರೊಟ್ಟಿಗೆ ಒಂದು ರೂಪಾಯಿ ಉಳಿಯುವ ಕಸುಬು. ಆ ಒಂದು ರೂಪಾಯಿ ಎಲ್ಲಿ ಸೋರುತ್ತದೆ ಎಂದು ಗೊತ್ತಿರಬೇಕು.

ಮೊದಲ ಸೋರಿಕೆ ಹಿಟ್ಟಿನಲ್ಲಿ. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಜೋಳದಲ್ಲಿಲ್ಲ. ಕುದಿಯುವ ಎಸರು ಹಾಕಿದಾಗ ಹಿಟ್ಟಿನ ಪಿಷ್ಟ ಅರ್ಧ ಬೆಂದು ಜಿಗಿ ಬರುತ್ತದಲ್ಲ, ರೊಟ್ಟಿ ನಿಲ್ಲುವುದು ಆ ಜಿಗಿಯ ಮೇಲೆ. ಬಡಿಯುವಾಗ ಅಂಚು ಬಿರಿಯುತ್ತಿದ್ದರೆ ಸಾಮಾನ್ಯವಾಗಿ ಎರಡರಲ್ಲಿ ಒಂದು ಕಾರಣ: ಎಸರು ಮರಳಿರಲಿಲ್ಲ, ಇಲ್ಲವೇ ಹಿಟ್ಟು ಹಳೆಯದು. ಜೋಳದ ಮೊಳಕೆಯ ಭಾಗದಲ್ಲಿ ಎಣ್ಣೆಯಂಶ ಇರುವುದರಿಂದ ಬೀಸಿದ ಮೇಲೆ ಹಿಟ್ಟು ಬೇಗ ಕಹಿ ತಿರುಗುತ್ತದೆ, ಜಿಗಿಯೂ ಇಳಿಯುತ್ತದೆ. ಎಂಟು ಹತ್ತು ದಿನಕ್ಕೆ ಸಾಲುವಷ್ಟು ಮಾತ್ರ ಬೀಸಿಸಬೇಕು. ‘ಒಮ್ಮೆಲೇ ಎರಡು ಕ್ವಿಂಟಲ್ ಬೀಸಿಸಿದರೆ ಗಿರಣಿಯವರು ಕಡಿಮೆ ಮಾಡಿಕೊಡ್ತಾರೆ’ ಎಂದು ಬೀಸಿಸಿದವರು ಕೊನೆಯ ಐವತ್ತು ಕೆಜಿಯಲ್ಲಿ ಆ ಉಳಿತಾಯವನ್ನೆಲ್ಲ ಕಳೆದುಕೊಂಡಿರುತ್ತಾರೆ. ಗಿರಣಿಯ ಕಲ್ಲನ್ನು ಉಳಿಯಿಂದ ಕಟೆಸಿದ ದಿನ ಜೋಳ ಒಯ್ಯಬಾರದು, ಹಿಟ್ಟಿನಲ್ಲಿ ಕಲ್ಲಿನ ಪುಡಿ ಬರುತ್ತದೆ. ರೊಟ್ಟಿ ಕಚ್ಚಿದಾಗ ಒಮ್ಮೆ ಹಲ್ಲಿಗೆ ಮರಳು ಸಿಕ್ಕರೆ ಗಿರಾಕಿ ಮತ್ತೆ ಬರುವುದಿಲ್ಲ.

ಎರಡನೆಯ ಸೋರಿಕೆ ಒಣಗಿಸುವಲ್ಲಿ. ಹಂಚಿನ ಮೇಲೆ ಹಾಕಿದ ಕೂಡಲೇ ಒದ್ದೆ ಅರಿವೆಯಿಂದ ನೀರು ಸವರುವುದು ಮೇಲಿನ ಒಣಹಿಟ್ಟು ತೆಗೆಯಲಿಕ್ಕೆ. ಸರಿಯಾಗಿ ಸವರದಿದ್ದರೆ ಆ ಹಿಟ್ಟು ಸೀದು, ಆಮೇಲೆ ಪ್ಯಾಕೆಟ್ಟಿನ ತಳದಲ್ಲಿ ಬೂದಿಯಂತೆ ಕೂಡುತ್ತದೆ. ಬೆಂದ ರೊಟ್ಟಿಯನ್ನು ಸಣ್ಣ ಉರಿಯಲ್ಲಿ ಅರಿವೆಯಿಂದ ಒತ್ತಿ ಒತ್ತಿ, ಮುರಿದರೆ ಟಕ್ ಎನ್ನುವವರೆಗೆ ಒಣಗಿಸಬೇಕು. ಇಲ್ಲಿ ಅವಸರ ಮಾಡುವವರೇ ಹೆಚ್ಚು. ಬಿಸಿ ಆರುವ ಮೊದಲೇ ಕವರಿಗೆ ಹಾಕಿದರೆ ಒಳಗೆ ಬೆವರು ಕಟ್ಟುತ್ತದೆ, ರೊಟ್ಟಿ ಮೆತ್ತಗಾಗುತ್ತದೆ, ನಾಲ್ಕನೆಯ ದಿನಕ್ಕೆ ಬೂಸ್ಟು. ಪೂರ್ತಿ ಆರಿಸಿ, ಗಾಳಿಯಾಡದ ದಪ್ಪ ಕವರಿನಲ್ಲಿ ಸೀಲ್ ಮಾಡಿದರೆ ತಿಂಗಳು ದಾಟಿ ಇರುತ್ತದೆ. ಎಳ್ಳು ಹಚ್ಚಿದ ರೊಟ್ಟಿ ನೋಡಲು ಚೆಂದ. ಆದರೆ ಎಳ್ಳಿನ ಎಣ್ಣೆಯಂಶ ದಿನ ಕಳೆದಂತೆ ಕಮಟುವುದರಿಂದ ದೂರದ ಊರಿಗೆ ಕಳಿಸುವ ಮಾಲಿಗೆ ಸಾದಾ ರೊಟ್ಟಿಯೇ ಕ್ಷೇಮ. ಜೊತೆಗೆ ಶೇಂಗಾ ಹಿಂಡಿ ಮಾರುವವರು ಕಾಳನ್ನು ಕೈಯಿಂದ ಆರಿಸಲೇಬೇಕು. ಕಪ್ಪಾದ, ಸೊರಗಿದ, ಬೂಸ್ಟು ಹತ್ತಿದ ಕಾಳಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು, ಹುರಿದರೂ ಅದು ಪೂರ್ತಿ ಹೋಗುವುದಿಲ್ಲ.

ಈಗ ಲೆಕ್ಕಕ್ಕೆ ಬರೋಣ. ದರಗಳು ಊರಿಂದ ಊರಿಗೆ, ತಿಂಗಳಿಂದ ತಿಂಗಳಿಗೆ ಬದಲಾಗುತ್ತವೆ. ನಿಮ್ಮ ಊರಿನ ದರ ಹಾಕಿಕೊಂಡು ಹೀಗೇ ಲೆಕ್ಕ ಕಟ್ಟಿ. ಜೋಳ ಕೆಜಿಗೆ 45 ರೂಪಾಯಿ ಎಂದು ಹಿಡಿದರೆ ಹಸನು ಮಾಡಿದಾಗ ಹೋಗುವ ಕಸ, ಬೀಸುವ ಖರ್ಚು ಸೇರಿ ಹಿಟ್ಟು 52ಕ್ಕೆ ಬೀಳುತ್ತದೆ. ತೆಳ್ಳಗಿನ ರೊಟ್ಟಿ ಕೆಜಿಗೆ 20 ಬಂದರೆ ಒಂದಕ್ಕೆ ಹಿಟ್ಟಿನ ಖರ್ಚು 2.60. ಬಡಿಯುವವರ ಕೂಲಿ ರೊಟ್ಟಿಗೆ 2 ರೂಪಾಯಿ, ಗ್ಯಾಸ್ ಅಥವಾ ಕಟ್ಟಿಗೆ 60 ಪೈಸೆ, ಕವರು 40 ಪೈಸೆ, ಮುರಿದದ್ದು ಮತ್ತು ಸಾಗಾಟ 40 ಪೈಸೆ. ಒಟ್ಟು 6 ರೂಪಾಯಿ. ಖಾನಾವಳಿಗೆ 7ಕ್ಕೆ ಕೊಟ್ಟರೆ ಒಂದು ರೂಪಾಯಿ ಉಳಿಯಿತು. ದಿನಕ್ಕೆ 500 ರೊಟ್ಟಿಗೆ 500 ರೂಪಾಯಿ, 26 ದಿನಕ್ಕೆ 13,000.

ಇಲ್ಲಿ ಬಹಳ ಮಂದಿ ಲೆಕ್ಕ ನಿಲ್ಲಿಸುತ್ತಾರೆ. ಬೆಳಗಿನ ಐದಕ್ಕೆ ಎದ್ದು ಜೋಳ ತಂದು, ರೊಟ್ಟಿ ಎಣಿಸಿ, ಬೈಕಿನ ಮೇಲೆ ಹಂಚಿ ಬರುವ ಹುಡುಗನ ಕೂಲಿ ಈ ಲೆಕ್ಕದಲ್ಲಿಲ್ಲ. 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿಯೇ 370 ರೂಪಾಯಿ ಇತ್ತು. ಅಷ್ಟನ್ನಾದರೂ ತನ್ನ ಹೆಸರಿಗೆ ಖರ್ಚು ಬರೆದುಕೊಂಡರೆ ದಿನದ 500ರಲ್ಲಿ ಉಳಿಯುವುದು 130, ತಿಂಗಳಿಗೆ 3,380. ಈ ಹಂತದಲ್ಲಿ 4 ಲಕ್ಷದ ಯಂತ್ರವನ್ನು ಸಾಲದ ಮೇಲೆ ತಂದರೆ, 11% ಬಡ್ಡಿ, 5 ವರ್ಷದ ಅವಧಿಗೆ ಕಂತು ತಿಂಗಳಿಗೆ 8,700 ರೂಪಾಯಿ. ತಾಡಪತ್ರಿ ಹೊದ್ದ ಯಂತ್ರದ ಕಥೆ ಶುರುವಾಗುವುದು ಇಲ್ಲಿಂದ.

ಯಂತ್ರ ಬೇಡವೆಂದಲ್ಲ. ದಿನಕ್ಕೆ 1,000 ರೊಟ್ಟಿ ಹೋಗುತ್ತಿದ್ದರೆ, ಕೂಲಿ ರೊಟ್ಟಿಗೆ ಒಂದು ರೂಪಾಯಿಗೆ ಇಳಿದರೆ, ಕಂತು ಕಟ್ಟಿಯೂ ಚೆನ್ನಾಗಿ ಉಳಿಯುತ್ತದೆ. ಆದರೆ 1,000 ರೊಟ್ಟಿ ಎಂದರೆ ದಿನಕ್ಕೆ ನೂರು ನೂರು ಕೊಳ್ಳುವ ಹತ್ತು ಕಾಯಂ ಗಿರಾಕಿಗಳು. ಅವರು ಮೊದಲು ಸಿಗಬೇಕು. ಇನ್ನೊಂದು ತೊಡಕೂ ಇದೆ. ಒತ್ತುವ ಯಂತ್ರಕ್ಕೆ ಹಿಟ್ಟಿನ ಹದ ಪ್ರತಿ ಉಂಡೆಗೂ ಒಂದೇ ಇರಬೇಕು. ಹದ ತಪ್ಪಿದಾಗ ಬಿರಿಯದಿರಲೆಂದು ಗೋಧಿ ಹಿಟ್ಟು, ಮೈದಾ ಬೆರೆಸುವ ಚಾಳಿ ಇದೆ. ನಮ್ಮ ಕಡೆಯ ಗಿರಾಕಿಗೆ ಅದು ಎರಡನೆಯ ತುತ್ತಿಗೇ ಗೊತ್ತಾಗುತ್ತದೆ. ಬೆರೆಸಿದ್ದರೆ ಪ್ಯಾಕೆಟ್ಟಿನ ಮೇಲೆ ಬರೆಯಲೇಬೇಕು.

ಮತ್ತೆ ಉದ್ರಿ. ಐದು ಖಾನಾವಳಿಗಳು ದಿನಕ್ಕೆ ನೂರರಂತೆ ಕೊಂಡು ಹದಿನೈದು ದಿನಕ್ಕೊಮ್ಮೆ ಬಿಲ್ ಕೊಟ್ಟರೆ ಸದಾ 52,500 ರೂಪಾಯಿ ಅವರ ಹತ್ತಿರವೇ ಇರುತ್ತದೆ. ಒಂದು ತಿಂಗಳ ಜೋಳ ಏಳೂವರೆ ಕ್ವಿಂಟಲ್, ಅದಕ್ಕೆ 33,750. ಹದಿನೈದು ದಿನದ ಕೂಲಿ 15,000, ಇದನ್ನು ಬಡಿಯುವ ಅಕ್ಕಂದಿರಿಗೆ ವಾರ ವಾರ ಕೊಡಲೇಬೇಕು, ಅವರ ಮನೆಯ ಸಂತೆ ಅದರ ಮೇಲೆ ನಿಂತಿದೆ. ಎಲ್ಲ ಸೇರಿ ಒಂದು ಲಕ್ಷ. ಯಂತ್ರವಿಲ್ಲದೆ, ಕೈಯಿಂದ, ಬರೀ 500 ರೊಟ್ಟಿ ಮಾಡುವವರಿಗೂ ಇಷ್ಟು ಓಡಾಡುವ ರೊಕ್ಕ ಬೇಕು. ಇದಿಲ್ಲದೆ ಇಳಿದವರು ಜೋಳವನ್ನು ಕಿರಾಣಿ ಅಂಗಡಿಯಲ್ಲಿ ಉದ್ರಿ ತರುತ್ತಾರೆ. ಅಲ್ಲಿ ಕೆಜಿಗೆ ಮೂರು ನಾಲ್ಕು ರೂಪಾಯಿ ಹೆಚ್ಚು ಹಾಕಿದರೆ ರೊಟ್ಟಿಯ ಒಂದು ರೂಪಾಯಿ ಲಾಭದಲ್ಲಿ ಹದಿನೈದು ಇಪ್ಪತ್ತು ಪೈಸೆ ಅಲ್ಲಿಗೇ ಹೋಯಿತು.

ಇದಕ್ಕೆ ದಾರಿ ಇದೆ. ಉದ್ರಿಯನ್ನು ದಿನಗಳಲ್ಲಿ ಕೇಳುವ ಬದಲು ರೊಕ್ಕದಲ್ಲಿ ಮಿತಿ ಹಾಕಿ. ‘ಅಣ್ಣಾ, ಐದು ಸಾವಿರ ಆದ ಕೂಡಲೇ ಬಿಲ್ ಕ್ಲಿಯರ್ ಮಾಡಬೇಕು’ ಎಂದು ಮೊದಲ ದಿನವೇ ಹೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಮೂರು ತಿಂಗಳ ನಂತರ ಹೇಳಿದರೆ ಮಾಡಿಕೊಳ್ಳುತ್ತಾರೆ. ಐದರಲ್ಲಿ ಒಂದು ಪಾಲು ಮಾಲಾದರೂ ನಗದು ಗಿರಾಕಿಗೆ ಹೋಗಲಿ: ವಾರದ ಸಂತೆ, ಕಚೇರಿಗಳ ಮುಂದೆ ಮಧ್ಯಾಹ್ನದ ಹೊತ್ತು, ಬಿಡಿಯಾಗಿ ಹತ್ತು ರೂಪಾಯಿಗೆ ಒಂದು. ಬೆಂಗಳೂರಿಗೆ ಬಸ್ಸಿನ ಪಾರ್ಸಲ್‌ನಲ್ಲಿ ಕಳಿಸುವುದಾದರೆ ರೊಕ್ಕ ಮೊದಲು, ಮಾಲು ಆಮೇಲೆ. ರಟ್ಟಿನ ಡಬ್ಬಿ ರೊಟ್ಟಿಯ ಅಳತೆಗೇ ಇರಬೇಕು. ಒಳಗೆ ಎರಡು ಬೆರಳು ಸಂದು ಉಳಿದರೂ ತಲುಪುವುದು ಚೂರು.

ಕಬ್ಬಿನ ಸಸಿ: ಗಿರಾಕಿ ಪಕ್ಕದ ಹೊಲದಲ್ಲೇ

ಕೃಷ್ಣಾ, ಘಟಪ್ರಭಾ, ಮಲಪ್ರಭಾ ದಂಡೆಯ ಹುಡುಗರಿಗೆ ಕಬ್ಬಿನ ಸಸಿ ನರ್ಸರಿಯ ಬಗ್ಗೆ ಹೇಳುವುದು ಬೇಕಿಲ್ಲ. ಆದರೂ ರೊಕ್ಕ ತಿರುಗುವ ದೃಷ್ಟಿಯಿಂದ ಇದರಷ್ಟು ಅಚ್ಚುಕಟ್ಟಾದ ಕಸುಬು ಈ ಮೂರು ಜಿಲ್ಲೆಯಲ್ಲಿ ಅಪರೂಪ, ಅದಕ್ಕೇ ವಿವರವಾಗಿ ನೋಡಬೇಕು. ಗಿರಾಕಿ ಗುರುತಿನವನು, ಸಾಗಾಟ ಟ್ರ್ಯಾಕ್ಟರ್ ದೂರದ್ದು, ಪ್ಯಾಕಿಂಗ್ ಇಲ್ಲ, ಮುಂಗಡ ಕೊಡುವ ರೂಢಿ ಇದೆ.

ತುಂಡು ನೆಡುವ ಹಳೆಯ ಪದ್ಧತಿಯಲ್ಲಿ ಎಕರೆಗೆ ಎರಡೂವರೆ ಮೂರು ಟನ್ ಬೀಜದ ಕಬ್ಬು ಬೇಕು. ನಾಲ್ಕೂವರೆ ಅಡಿ ಸಾಲು, ಎರಡು ಅಡಿಗೊಂದು ಸಸಿ ಹಿಡಿದರೆ ಎಕರೆಗೆ 4,840 ಸಸಿ. 50 ಕುಳಿಯ ಟ್ರೇ ಆದರೆ ಸುಮಾರು ನೂರು ಟ್ರೇ ಒಂದು ಎಕರೆ. ಈ ಲೆಕ್ಕ ನೆನಪಿಟ್ಟರೆ ಗಿರಾಕಿಯ ಜೊತೆ ಮಾತು ಸುಲಭ.

ಬೀಜದ ಕಬ್ಬು ಏಳರಿಂದ ಒಂಬತ್ತು ತಿಂಗಳದ್ದಿರಬೇಕು. ಫ್ಯಾಕ್ಟರಿಗೆ ಹೋಗುವ ಹನ್ನೆರಡು ತಿಂಗಳ ಕಬ್ಬು ಅಗ್ಗಕ್ಕೆ ಸಿಕ್ಕಿತೆಂದು ತಂದರೆ ಬುಡದ ಕಣ್ಣು, ಎಂದರೆ ಗೆಣ್ಣಿನ ಮೊಗ್ಗು, ಏಳುವುದಿಲ್ಲ. ಕಾಡಿಗೆ ರೋಗ, ಹುಲ್ಲುಮೊಳಕೆ ರೋಗ ಕಂಡ ಹೊಲದಿಂದ ಒಂದು ಕಬ್ಬನ್ನೂ ತರಬಾರದು. ನರ್ಸರಿಯ ಮೂಲಕ ಅದು ಹತ್ತು ರೈತರ ಹೊಲಕ್ಕೆ ಹೋಗುತ್ತದೆ, ಹೆಸರೂ ಜೊತೆಗೇ ಹೋಗುತ್ತದೆ. ಕಣ್ಣನ್ನು ಯಂತ್ರದಿಂದ ಕತ್ತರಿಸಿ, ಶಿಲೀಂಧ್ರನಾಶಕದ ನೀರಿನಲ್ಲಿ ಹದಿನೈದು ನಿಮಿಷ ಅದ್ದಿ, ತೆಂಗಿನ ನಾರಿನ ಪುಡಿ ತುಂಬಿದ ಟ್ರೇಗಳಲ್ಲಿ ಕಣ್ಣು ಮೇಲ್ಮುಖವಾಗಿ ಕೂರಿಸಬೇಕು. ಆಮೇಲೆ ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ ಪ್ಲಾಸ್ಟಿಕ್ಕಿನಿಂದ ಬಿಗಿಯಾಗಿ ಸುತ್ತಿ ಮೂರರಿಂದ ಐದು ದಿನ ಕಾವು ಕೊಡುವುದು. ಬಿಳಿ ಬೇರು, ಸಣ್ಣ ಮೊಳಕೆ ಕಂಡ ಕೂಡಲೇ ಬಿಚ್ಚಿ ನೆರಳು ಪರದೆಯ ಕೆಳಗೆ ಹರಡಬೇಕು. ಎರಡು ದಿನ ತಡವಾದರೆ ಮೊಳಕೆ ಒಳಗೇ ಹಳದಿಯಾಗಿ ಉದ್ದವಾಗುತ್ತದೆ. ಡಿಸೆಂಬರ್–ಜನವರಿಯ ಚಳಿಯಲ್ಲಿ ಕಾವಿಗೆ ಒಂದೆರಡು ದಿನ ಹೆಚ್ಚು ಬೇಕು. ಇಪ್ಪತ್ತನೆಯ ದಿನದ ಹೊತ್ತಿಗೆ ಎತ್ತರದವನ್ನು, ಗಿಡ್ಡವನ್ನು ಬೇರೆ ಬೇರೆ ಟ್ರೇಗೆ ಮಾಡದಿದ್ದರೆ ಎತ್ತರದ ಸಸಿಯ ನೆರಳಿಗೆ ಗಿಡ್ಡ ಸಸಿ ಸಾಯುತ್ತದೆ. 25ರಿಂದ 35 ದಿನದೊಳಗೆ ಸಸಿ ಹೊಲ ಸೇರಬೇಕು. ಹಿಂದಿನ ದಿನ ನೀರು ನಿಲ್ಲಿಸಿದರೆ ಬೇರಿನ ಉಂಡೆ ಒಡೆಯದೆ ಎದ್ದು ಬರುತ್ತದೆ.

50,000 ಸಸಿಯ ಒಂದು ಬ್ಯಾಚ್ ತೆಗೆದುಕೊಳ್ಳಿ. ನೂರಕ್ಕೆ 85 ಎದ್ದರೆ ಸಾಕೆಂದು 58,800 ಕಣ್ಣು ಕೂರಿಸಿದ್ದೀರಿ. ಮಾರುವ ಸಸಿಗೆ ಖರ್ಚು 1.30 ಎಂದು ಹಿಡಿದರೆ ಒಟ್ಟು 65,000. ಎರಡು ರೂಪಾಯಿಗೆ ಒಂದರಂತೆ ಮಾರಿದರೆ ಒಂದು ಲಕ್ಷ. ಬುಕಿಂಗ್ ಮಾಡುವಾಗಲೇ ಅರ್ಧ ಮುಂಗಡ ಸಿಕ್ಕರೆ ನಿಮ್ಮ ಕಿಸೆಯಿಂದ ಹೋಗುವುದು 15,000 ಮಾತ್ರ. ಅದೇ ಬ್ಯಾಚಿನಲ್ಲಿ ನೂರಕ್ಕೆ 60 ಮಾತ್ರ ಎದ್ದರೆ 35,300 ಸಸಿ, 70,600 ರೂಪಾಯಿ. ಖರ್ಚು ಹೊರಟಿತು, ತಿಂಗಳ ದುಡಿಮೆ ಹೋಯಿತು. ಬೀಜದ ಆಯ್ಕೆಯಲ್ಲಿ ತಪ್ಪಿದರೆ ಎಷ್ಟು ಹೊರೆ ಎಂಬುದು ಈ ಎರಡು ಅಂಕಿಗಳ ನಡುವೆ ಇದೆ.

ಈ ಕಸುಬಿನ ದೊಡ್ಡ ಪೆಟ್ಟು ಬೇರೆ ಕಡೆಯಿಂದ ಬರುತ್ತದೆ. ರೈತ ಸಸಿ ಹೇಳಿ ಹೋಗುತ್ತಾನೆ, ಅಷ್ಟರಲ್ಲಿ ಮಳೆ ಹಿಡಿಯುತ್ತದೆ ಅಥವಾ ಕಾಲುವೆಗೆ ನೀರು ತಡವಾಗುತ್ತದೆ. ‘ಇನ್ನೊಂದು ಎಂಟು ದಿನ ತಡಿ ತಮ್ಮಾ, ಹೊಲ ಹದಕ್ಕೆ ಬಂದಿಲ್ಲ’ ಅನ್ನುತ್ತಾನೆ. ಎಂಟು ಹದಿನೈದಾಗುತ್ತದೆ. ನಲವತ್ತು ದಿನ ದಾಟಿದ ಸಸಿಯ ಬೇರು ಕುಳಿಯೊಳಗೆ ಸುತ್ತಿಕೊಂಡು ನೆಟ್ಟ ಮೇಲೆ ಹಿಡಿಯುವುದಿಲ್ಲ. ಅದಕ್ಕೆ ಮುಂಗಡದ ಚೀಟಿಯಲ್ಲೇ ಒಯ್ಯುವ ತಾರೀಖು, ಆ ತಾರೀಖಿನಿಂದ ಏಳು ದಿನದೊಳಗೆ ಒಯ್ಯದಿದ್ದರೆ ಮುಂಗಡ ವಾಪಸಿಲ್ಲ ಎಂಬ ಮಾತು ಬರೆದು ಸಹಿ ಹಾಕಿಸಬೇಕು. ಪರಿಚಯದವರ ಹತ್ತಿರ ಸಹಿ ಕೇಳಲು ಸಂಕೋಚವಾಗುತ್ತದೆ, ನಿಜ. ಆದರೆ ಪರಿಚಯದವರೇ ಈ ಕಸುಬಿನ ಎಲ್ಲ ಗಿರಾಕಿಗಳು.

ಬೆಲ್ಲ: ಗಾಣ ಕಟ್ಟುವ ಮೊದಲು

ಮುಧೋಳ, ಮಹಾಲಿಂಗಪುರ, ಗೋಕಾಕ, ರಾಯಬಾಗ ಕಡೆ ‘ನಮ್ಮದೇ ಕಬ್ಬು, ನಮ್ಮದೇ ಗಾಣ’ ಎಂಬ ಆಸೆ ಹುಡುಗರಲ್ಲಿ ಬಲವಾಗಿದೆ. 2025ರ ನವೆಂಬರಿನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ಕೂತಾಗ ಸರ್ಕಾರ 11.25% ಸಕ್ಕರೆ ಇಳುವರಿಯ ಕಬ್ಬಿಗೆ 3,300 ಎಂದು ತೀರ್ಮಾನಿಸಿತು. ರೈತನಿಗೆ ಅಷ್ಟಾದರೂ ಸಿಗಲೇಬೇಕು. ಗಾಣದವನು ಮಾತ್ರ ಅದನ್ನು ಬೇರೆ ರೀತಿ ಓದಬೇಕು. ಟನ್ ಕಬ್ಬಿಗೆ ಸಾಮಾನ್ಯವಾಗಿ 100ರಿಂದ 120 ಕೆಜಿ ಬೆಲ್ಲ. 110 ಎಂದು ಹಿಡಿದರೆ ಒಂದು ಕೆಜಿ ಬೆಲ್ಲದಲ್ಲಿ ಕಬ್ಬಿನ ಬೆಲೆಯೇ 30 ರೂಪಾಯಿ. ಅರೆಯುವ, ಕುದಿಸುವ ಖರ್ಚು 7 ರೂಪಾಯಿ ಸೇರಿದರೆ 37. ಪೆಂಟಿ ಎನ್ನುವ ಗಟ್ಟಿ ಅಚ್ಚಿನ ಬೆಲ್ಲ ಮಾರುಕಟ್ಟೆಯಲ್ಲಿ 40ಕ್ಕೆ ಹೋದರೆ ಹಮಾಲಿ, ಸಾಗಾಟ, ತೂಕದ ಕಡಿತ ಕಳೆದು ಏನು ಉಳಿಯುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಉಳಿಯುವುದು ರಾಸಾಯನಿಕ ಹಾಕದ, ಪುಡಿ ಮಾಡಿ ಪ್ಯಾಕ್ ಮಾಡಿದ ಬೆಲ್ಲದಲ್ಲಿ. ಅದು ಚಿಲ್ಲರೆಯಾಗಿ ದುಪ್ಪಟ್ಟು ದರಕ್ಕೂ ಹೋಗುತ್ತದೆ. ಆದರೆ ದಿನಕ್ಕೆ ಐದು ಕ್ವಿಂಟಲ್ ತೆಗೆಯುವ ಗಾಣ ನೂರು ದಿನ ನಡೆದರೆ 50 ಟನ್ ಬೆಲ್ಲ, ಎಂದರೆ ಒಂದು ಕೆಜಿಯ 50,000 ಪ್ಯಾಕೆಟ್. ಮೊದಲ ವರ್ಷ ಒಬ್ಬ ಹುಡುಗ ಅಷ್ಟು ಮಾರಲಾರ. ಉಳಿದದ್ದನ್ನು ಪೆಂಟಿ ಮಾಡಿ ಅಡತಿಗೆ ಹಾಕುತ್ತಾನೆ, ಪ್ಯಾಕೆಟ್ಟಿನ ಲಾಭ ಅಲ್ಲಿ ಕರಗುತ್ತದೆ. ಆದ್ದರಿಂದ ಮೊದಲ ಎರಡು ಹಂಗಾಮು ಗಾಣ ಕಟ್ಟಬಾರದು. ನಡೆಯುತ್ತಿರುವ ಗಾಣವನ್ನು ಒಂದೆರಡು ದಿನ ಬಾಡಿಗೆಗೆ ಹಿಡಿದು, ನಾಲ್ಕೂವರೆ ಟನ್ ಕಬ್ಬು ತಂದು ಐದು ಕ್ವಿಂಟಲ್ ಮಾಡಿ, ಅಷ್ಟನ್ನು ಮಾರಿ ನೋಡಬೇಕು.

ಆ ದಿನ ಎದುರು ನಿಂತು ನೋಡಬೇಕಾದ್ದು ಇಷ್ಟು. ಕಡಿದ ಕಬ್ಬು 24 ತಾಸಿನೊಳಗೆ ಅರೆಯಬೇಕು. ಒಣಗಿದ ಕಬ್ಬಿನ ಸಕ್ಕರೆ ಒಡೆದು ಬೆಲ್ಲ ಗಟ್ಟಿಯಾಗುವುದಿಲ್ಲ. ಸವುಳು ಜಮೀನಿನ ಕಬ್ಬಿನ ಬೆಲ್ಲ ಉಪ್ಪುಪ್ಪಾಗಿ, ಮಳೆಗಾಲಕ್ಕೆ ನೀರೊಡೆಯುತ್ತದೆ. ಕೃಷ್ಣಾ ದಂಡೆಯಲ್ಲಿ ಅತಿ ನೀರಾವರಿಯ ಹೊಲಗಳು ಇಂಥವೇ, ಕಬ್ಬು ಕೊಳ್ಳುವ ಮೊದಲು ಹೊಲ ನೋಡಿ ಬನ್ನಿ. ಕಬ್ಬಿನ ಹಾಲು ಕುದಿ ಬರುವ ಮೊದಲು ಸುಣ್ಣದ ತಿಳಿ, ಬೆಂಡೆ ಗಿಡದ ಲೋಳೆ ಹಾಕಿ ಕೊಳೆ ಎತ್ತಬೇಕು. ಬಣ್ಣಕ್ಕೆ ಹೈಡ್ರೋಸ್ ಪುಡಿ ಹಾಕಬಾರದು. ಹಾಕಿದರೆ ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ ಉಳಿಯುತ್ತದೆ, ಅದಕ್ಕೆ ಆಹಾರ ಕಾನೂನಿನ ಮಿತಿ 70 ಪಿಪಿಎಂ, ಎಂದರೆ ಕೆಜಿಗೆ 70 ಮಿಲಿಗ್ರಾಂ. ಪೆಂಟಿಗೆ 116–118 ಡಿಗ್ರಿಯಲ್ಲಿ ಇಳಿಸುತ್ತಾರೆ, ಪುಡಿಗೆ 120–122 ಬೇಕು. ನಾಲ್ಕು ಡಿಗ್ರಿಯ ಈ ಅಂತರಕ್ಕೆ ಥರ್ಮಾಮೀಟರ್ ಕೊಳ್ಳಿ. ಕಡಿಮೆಯಾದರೆ ಪುಡಿ ಕವರಿನೊಳಗೆ ಕಲ್ಲಾಗುತ್ತದೆ, ಹೆಚ್ಚಾದರೆ ಸೀದ ಕಹಿ.

ಒಣದ್ರಾಕ್ಷಿಯ ಬಗ್ಗೆ ಎರಡು ಮಾತು ಸಾಕು. ತಿಕೋಟಾ ಭಾಗದ ಶೆಡ್ಡುಗಳಲ್ಲಿ ನಡೆಯುವುದು ಗೊತ್ತಿರುವ ಕೆಲಸ: ಲೀಟರ್ ನೀರಿಗೆ 15 ಮಿಲಿ ಡಿಪ್ಪಿಂಗ್ ಆಯಿಲ್, 25 ಗ್ರಾಂ ಪೊಟ್ಯಾಶಿಯಂ ಕಾರ್ಬೊನೇಟ್ ಹಾಕಿದ ದ್ರಾವಣದಲ್ಲಿ ಅದ್ದಿ, ಬಲೆಯ ಅಟ್ಟಣಿಗೆಯಲ್ಲಿ ಎರಡು ವಾರ ಒಣಗಿಸುವುದು, ನಾಲ್ಕು ಕೆಜಿ ಹಸಿ ಹಣ್ಣಿಗೆ ಒಂದು ಕೆಜಿ ಮಣೂಕ. ಮಾರ್ಚ್–ಏಪ್ರಿಲ್‌ನಲ್ಲಿ ಬೀಳುವ ಒಂದು ಅಡ್ಡಮಳೆ ಬಣ್ಣ ಕೆಡಿಸುತ್ತದೆ. ದರ ಬರಲೆಂದು ಮಾಲು ಕೋಲ್ಡ್ ಸ್ಟೋರೇಜಿನಲ್ಲಿ ಕೂತರೆ ಬಾಡಿಗೆ, ಬಡ್ಡಿ ಎರಡೂ ನಡೆಯುತ್ತವೆ. ಸ್ವಂತ ತೋಟವಿಲ್ಲದ ಹುಡುಗ ಒಣಗಿಸುವ ಕೆಲಸಕ್ಕೆ ಇಳಿಯಬಾರದು. ತೊಟ್ಟು ತೆಗೆದು, ಗಾತ್ರಕ್ಕೆ ವಿಂಗಡಿಸಿ, ಪಾವು ಕೆಜಿಯ ಡಬ್ಬಿ ಮಾಡಿ ಮಾರುವ ಕೆಲಸದಲ್ಲಿ ರೊಕ್ಕ ತಿಂಗಳೊಳಗೆ ತಿರುಗುತ್ತದೆ.

ಸಾಲ, ಸಬ್ಸಿಡಿ

ಸಬ್ಸಿಡಿಯ ಬಗ್ಗೆ ಇರುವ ದೊಡ್ಡ ತಪ್ಪು ತಿಳುವಳಿಕೆ, ಅದು ಕೈಗೆ ಬರುತ್ತದೆ ಎಂಬುದು. 2020ರ ಜೂನ್‌ನಲ್ಲಿ ಶುರುವಾದ ಪಿಎಂಎಫ್‌ಎಂಇ ಯೋಜನೆಯಲ್ಲಿ ಸಣ್ಣ ಆಹಾರ ಘಟಕಕ್ಕೆ ಕೇಂದ್ರದ್ದು 35%, ಮಿತಿ 10 ಲಕ್ಷ. ಕರ್ನಾಟಕ ಸರ್ಕಾರ ತನ್ನ 15% ಸೇರಿಸಿದ್ದರಿಂದ 50%, ಮಿತಿ 15 ಲಕ್ಷ. ಬೆಳಗಾವಿಗೆ ಬೆಲ್ಲ, ವಿಜಯಪುರಕ್ಕೆ ನಿಂಬೆ ಈ ಯೋಜನೆಯಲ್ಲಿ ಜಿಲ್ಲೆಯ ಉತ್ಪನ್ನ. ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವುದು ಕೆಪೆಕ್ ನಿಗಮ. ಆ 50% ಬ್ಯಾಂಕಿನಲ್ಲೇ ಬೇರೆ ಖಾತೆಯಲ್ಲಿ ಕೂತಿರುತ್ತದೆ. ಮೂರು ವರ್ಷ ಘಟಕ ನಡೆದು, ಕಂತು ತಪ್ಪದೆ ಇದ್ದರೆ ಮಾತ್ರ ಸಾಲಕ್ಕೆ ಜಮೆ. ಅಲ್ಲಿಯವರೆಗೆ ಜೋಳ ಕೊಳ್ಳಲು ಅದರಿಂದ ಒಂದು ರೂಪಾಯಿ ಸಿಗುವುದಿಲ್ಲ. ಅರ್ಜಿ, ಯೋಜನಾ ವರದಿ ಮಾಡಿಕೊಡಲು ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳಿದ್ದಾರೆ, ಅವರಿಗೆ ಸಂಭಾವನೆ ಯೋಜನೆಯಿಂದಲೇ ಬರುತ್ತದೆ. ‘ಫೈಲ್ ಖರ್ಚು’ ಕೇಳುವ ಮಧ್ಯವರ್ತಿಗೆ ಕೊಡಬೇಕಾದ್ದು ಏನೂ ಇಲ್ಲ. ಅರ್ಜಿ ಹಾಕುವ ಮೊದಲು ಯೋಜನೆ ಇನ್ನೂ ನಡೆಯುತ್ತಿದೆಯೇ, ಆ ವರ್ಷದ ಗುರಿ ಬಾಕಿ ಇದೆಯೇ ಎಂದು ಕೃಷಿ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಕೇಳಿ.

ಇದೇ ಯೋಜನೆಯ ಇನ್ನೊಂದು ಭಾಗ ಹುಡುಗರ ಕಣ್ಣಿಗೆ ಬೀಳುವುದು ಕಡಿಮೆ. ಆಹಾರ ಪದಾರ್ಥ ಮಾಡುವ ಸ್ವಸಹಾಯ ಸಂಘದ ಸದಸ್ಯೆಗೆ ತಲಾ 40,000 ರೂಪಾಯಿವರೆಗೆ ಬೀಜಧನ, ಓಡಾಡುವ ಬಂಡವಾಳಕ್ಕೂ ಸಣ್ಣ ಸಲಕರಣೆಗೂ. ಅವ್ವನೋ ಅಕ್ಕನೋ ಸಂಘದಲ್ಲಿದ್ದರೆ ರೊಟ್ಟಿ ಕೆಲಸವನ್ನು ಅವರ ಹೆಸರಿನಲ್ಲೇ ಶುರು ಮಾಡುವುದು ಲೆಕ್ಕಕ್ಕೂ ಸರಿ, ನ್ಯಾಯಕ್ಕೂ ಸರಿ. ಬಡಿಯುವವರು ಅವರೇ ತಾನೆ? ಸ್ವಂತ ಉದ್ಯೋಗಕ್ಕೆ ಸಾಲ, ಸಬ್ಸಿಡಿ ಕೊಡುವ ಕೇಂದ್ರದ ಪಿಎಂಇಜಿಪಿ ಯೋಜನೆಯಲ್ಲಾದರೆ ಯೋಜನಾ ವೆಚ್ಚದೊಳಗೇ ಒಂದು ಸುತ್ತಿನ ದುಡಿಯುವ ಬಂಡವಾಳ ಸೇರಿಸಲು ಅವಕಾಶವಿದೆ. ಯಂತ್ರದ ಕೊಟೇಶನ್ ಕೊಡುವ ಅಂಗಡಿಯವನೇ ವರದಿ ಬರೆದುಕೊಟ್ಟರೆ ಅದರಲ್ಲಿ ದುಡಿಯುವ ಬಂಡವಾಳದ ಸಾಲು ಇರುವುದಿಲ್ಲ, ಇಡೀ ಮೊತ್ತ ಯಂತ್ರಕ್ಕೇ ಹೋಗಿರುತ್ತದೆ. ಸಹಿ ಹಾಕುವ ಮೊದಲು ಆ ಸಾಲು ಹುಡುಕಿ. ಮುದ್ರಾದ ಶಿಶು ಸಾಲ 50,000ದವರೆಗೆ, ಒತ್ತೆ ಬೇಡ. ಕೈರೊಟ್ಟಿಗೆ, ಸಣ್ಣ ನರ್ಸರಿಗೆ ಮೊದಲ ಸಾಲ ಅಷ್ಟೇ ಇರಲಿ.

ವಾರದ ಕಂತಿನ ಮೈಕ್ರೋಫೈನಾನ್ಸ್ ಸಾಲ ಮಾತ್ರ ಈ ಕಸುಬುಗಳಿಗೆ ಹೊಂದುವುದಿಲ್ಲ. ರೊಕ್ಕ ಹದಿನೈದು ದಿನಕ್ಕೋ ತಿಂಗಳಿಗೋ ಬರುವಾಗ ಕಂತು ಏಳನೆಯ ದಿನಕ್ಕೆ ಬಂದರೆ ಅದನ್ನು ತುಂಬಲು ಇನ್ನೊಂದು ಸಾಲ ಬೇಕಾಗುತ್ತದೆ. ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಗಿ ಬಂತು ಎಂದರೆ ಹಳ್ಳಿಗಳಲ್ಲಿ ಇದು ಎಲ್ಲಿಗೆ ಮುಟ್ಟಿತ್ತೆಂದು ತಿಳಿಯಬಹುದು.

ಕಾಗದಪತ್ರ ಹೆದರುವಷ್ಟಿಲ್ಲ. ಸಣ್ಣ ಉದ್ಯಮಗಳ ‘ಉದ್ಯಮ್’ ನೋಂದಣಿ ಆಧಾರ್, ಪ್ಯಾನ್ ಇದ್ದರೆ ಮೊಬೈಲಿನಲ್ಲೇ ಆಗುತ್ತದೆ, ಶುಲ್ಕವಿಲ್ಲ. ತಿನ್ನುವ ಪದಾರ್ಥಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಬೇಕು. ಅದರ 14 ಅಂಕಿಯ ಸಂಖ್ಯೆ, ನಿವ್ವಳ ತೂಕ, ಎಂಆರ್‌ಪಿ, ತಯಾರಿಸಿದ ದಿನ, ಮಾಡಿದವರ ವಿಳಾಸ, ದೂರಿಗೆ ಫೋನ್ ನಂಬರ್ ಪ್ಯಾಕೆಟ್ಟಿನ ಮೇಲೆ ಇರಲೇಬೇಕು. ಬಿಡಿ ಬೆಲ್ಲಕ್ಕೆ ಜಿಎಸ್‌ಟಿ ಇಲ್ಲ, ಲೇಬಲ್ ಹಚ್ಚಿ ಪ್ಯಾಕ್ ಮಾಡಿದ್ದಕ್ಕೆ 2022ರ ಜುಲೈನಿಂದ 5% ಇದೆ. ತರಬೇತಿ ಬೇಕಾದವರಿಗೆ ವಿಜಯಪುರದ ರುಡ್‌ಸೆಟ್ ಸಂಸ್ಥೆಯಲ್ಲಿ ಊಟ, ವಸತಿ ಸಹಿತ ಉಚಿತವಾಗಿ ಸಿಗುತ್ತದೆ.

ಮೊದಲ ಮೂರು ತಿಂಗಳು

ಮೊದಲ ತಿಂಗಳು ಏನನ್ನೂ ಕೊಳ್ಳದೆ ದಿನಕ್ಕೆ 100 ರೊಟ್ಟಿ. ಐದು ಕೆಜಿ ಹಿಟ್ಟು, ಮನೆಯದೇ ಒಲೆ, ನಗದು ಗಿರಾಕಿ ಮಾತ್ರ. ಎರಡನೆಯ ತಿಂಗಳು ಎರಡು ಖಾನಾವಳಿ, ಐದು ಸಾವಿರದ ಮಿತಿಯ ಮೇಲೆ. ಮೂರನೆಯ ತಿಂಗಳು ಇನ್ನಿಬ್ಬರು ಅಕ್ಕಂದಿರನ್ನು ಕೂಲಿಗೆ ಸೇರಿಸಿಕೊಂಡು 300. ಸಾಧ್ಯವಾದಷ್ಟು ರೊಕ್ಕ ಫೋನ್‌ಪೇ, ಗೂಗಲ್ ಪೇ ಮೂಲಕ ಒಂದೇ ಖಾತೆಗೆ ಬರಲಿ, ಆ ಖಾತೆಯಿಂದ ಮನೆಖರ್ಚಿಗೆ ತೆಗೆಯುವುದು ಬೇಡ. ಮನೆಗೆ ಬೇಕಾದ್ದನ್ನು ದಿನಗೂಲಿಯ ಲೆಕ್ಕದಲ್ಲಿ ಶನಿವಾರಕ್ಕೊಮ್ಮೆ ತೆಗೆದುಕೊಳ್ಳಿ.

ಒಂದು ನೋಟ್‌ಬುಕ್ಕಿನಲ್ಲಿ ಐದು ಕಾಲಂ ಗೆರೆ ಎಳೆಯಿರಿ: ಮಾಲು ಕೊಟ್ಟ ತಾರೀಖು, ಗಿರಾಕಿಯ ಹೆಸರು, ಎಷ್ಟು ರೊಟ್ಟಿ, ಎಷ್ಟು ರೊಕ್ಕ, ರೊಕ್ಕ ಬಂದ ತಾರೀಖು. ಮೂರು ತಿಂಗಳಾದ ಮೇಲೆ ಮೊದಲನೆಯ ಮತ್ತು ಕೊನೆಯ ಕಾಲಂ ನಡುವಿನ ದಿನಗಳನ್ನು ಗಿರಾಕಿಗೊಂದರಂತೆ ಎಣಿಸಿ. ಇಪ್ಪತ್ತು ದಿನ ದಾಟಿದವರಿಗೆ ಮಾಲು ಕಡಿಮೆ ಮಾಡಿ, ಐದು ದಿನದೊಳಗೆ ಕೊಡುವವರಿಗೆ ಹತ್ತು ರೊಟ್ಟಿ ಹೆಚ್ಚು ಕಳಿಸಿ. ಆರು ತಿಂಗಳ ಇಂಥ ಪುಸ್ತಕ ಮತ್ತು ಖಾತೆಯ ಸ್ಟೇಟ್‌ಮೆಂಟ್ ಹಿಡಿದು ಬ್ಯಾಂಕಿಗೆ ಹೋದಾಗ, ದಿನಕ್ಕೆ ಎಷ್ಟು ರೊಟ್ಟಿ ಹೋಗುತ್ತದೆ, ಯಂತ್ರಕ್ಕೆ ಎಷ್ಟು ಬೇಕು, ಜೋಳಕ್ಕೂ ಉದ್ರಿಗೂ ಎಷ್ಟು ಬೇಕು ಎಂದು ಮ್ಯಾನೇಜರ್ ಕೇಳುವ ಮೂರೂ ಪ್ರಶ್ನೆಗೆ ಉತ್ತರ ಅದರಲ್ಲೇ ಇರುತ್ತದೆ.